ಮಂಡಿ ಯಾರದು

ಎವಾಲ್ಡ್ ಮಾತಾಡುವುದೇ ಕಡಿಮೆ. ಬೆಟ್ಟಗಳ ನಡುವೆ ಚಾಚಿದ ಕಡಲತೋಳು, ಫಿಯೋರ್ಡ್, ಅದನ್ನು ದಾಟಿಸುವ ಹಡಗಿನ ಎಂಜಿನ್ ಕೋಣೆಯಲ್ಲಿ ಒಂದು ಜೀವಮಾನ ಕಳೆದವನು ಅವನು. ಅಲ್ಲಿ ಬಾಯಿ ಬಿಟ್ಟರೂ ಯಾರ ಕಿವಿಗೂ ಬೀಳುವಂತಿರಲಿಲ್ಲ. ಮನೆಯಲ್ಲಿ ಹೆಂಡತಿ ರಿಗ್ಮೋರ್ ಇದ್ದಳು, ಹಾಗಾಗಿ ಅಲ್ಲಿಯೂ ಬಾಯಿ ಬಿಡುವ ಪ್ರಮೇಯ ಬರಲಿಲ್ಲ. ಬೇಕರಿಯಲ್ಲಿ ಅವನಿಗೆ ಯಾವ ಬನ್ನು ಇಷ್ಟ ಎಂದು ಹೇಳುವವಳು ಅವಳೇ, ಕ್ಷೌರದಂಗಡಿಯಲ್ಲಿ ಕಿವಿಯ ಹತ್ತಿರ ಎಷ್ಟು ಕತ್ತರಿಸಬೇಕೆಂದು ಹೇಳುವವಳೂ ಅವಳೇ. ಅವಳ ಅಂದಾಜು ತಪ್ಪುತ್ತಲೂ ಇರಲಿಲ್ಲ. ಇಬ್ಬರೂ ಸುಖವಾಗಿದ್ದರು.

ಎಡಮಂಡಿ ಕೆಟ್ಟಾಗಲೂ ಇದೇ ಪದ್ಧತಿ ನಡೆಯಿತು. ಆಸ್ಪತ್ರೆಯಲ್ಲಿ ಮೊದಲು ನೋಡಿದ ಡಾಕ್ಟರು ರಾತ್ರಿ ನೋವಿದೆಯೇ ಎಂದು ಕೇಳಿದರು. ಇದೆ ಎಂದಳು ರಿಗ್ಮೋರ್. ಮೆಟ್ಟಿಲು ಹತ್ತಲು ಆಗುತ್ತದೆಯೇ ಎಂದರು. ಆಗುತ್ತದೆ, ಆದರೆ ಇಳಿಯುವಾಗ ಬೈಯುತ್ತಾನೆ ಎಂದಳು. ಎವಾಲ್ಡ್ ಗೋಡೆಯ ಮೇಲಿದ್ದ ಅಸ್ಥಿಪಂಜರದ ಚಿತ್ರ ನೋಡುತ್ತ ಕುಳಿತಿದ್ದ. ಅದನ್ನು ನೋಡಿ ಮುಗಿಸುವಷ್ಟರಲ್ಲಿ ಮಂಡಿ ಬದಲಿಸುವುದೆಂದು ತೀರ್ಮಾನವಾಗಿ ಹೋಗಿತ್ತು. ವಾಪಸು ಬರುವ ದಾರಿಯಲ್ಲಿ ರಿಗ್ಮೋರ್ ಬೇಸಿಗೆಗೆ ಆಲ್ಪ್ಸ್ ಬೆಟ್ಟಗಳಲ್ಲಿ ಇಬ್ಬರೂ ನಡೆಯಬೇಕಾದ ದಾರಿಗಳನ್ನೆಲ್ಲ ಗೊತ್ತು ಮಾಡಿಬಿಟ್ಟಳು.

ಆದರೆ ಆ ಆಸ್ಪತ್ರೆಯಲ್ಲಿ ಹೊಸದೊಂದು ಪದ್ಧತಿ ಶುರುವಾಗಿತ್ತು. ಚಾಕು ಹಿಡಿಯುವ ಮೊದಲು ಶಸ್ತ್ರಚಿಕಿತ್ಸಕಿಯೇ ರೋಗಿಯನ್ನು ಕೂರಿಸಿಕೊಂಡು ನಿಧಾನವಾಗಿ ಮಾತಾಡಬೇಕು. ಹಾಗೆ ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಗಂಡಹೆಂಡಿರಿಬ್ಬರೂ ಡಾಕ್ಟರ್ ಮಲೆನೆಯ ಎದುರು ಕುಳಿತರು. ಮಲೆನೆ ಅವರ ಮಗಳ ವಯಸ್ಸಿನವಳು. ಮೂವರಿಗೂ ಕಾಫಿ ಬಗ್ಗಿಸಿದಳು.

"ಎವಾಲ್ಡ್, ಈ ಮಂಡಿ ಇಟ್ಕೊಂಡು ನಿಮಗೇನು ಮಾಡ್ಬೇಕು ಅಂತಿದೆ?"

"ನಾವು ಆಲ್ಪ್ಸ್‌ಗೆ..." ಎಂದು ರಿಗ್ಮೋರ್ ಶುರು ಮಾಡಿದಳು.

"ನಿಮ್ಮನ್ನೂ ಕೇಳ್ತೀನಿ ರಿಗ್ಮೋರ್, ಆಮೇಲೆ. ಮಂಡಿ ಇವರದು ನೋಡಿ, ಮೊದಲು ಇವರು ಹೇಳಲಿ."

ಎವಾಲ್ಡ್ ಹೊರಗೆ ನೋಡಿದ. ಕಿಟಕಿಯಾಚೆ ಕಡಲಹಕ್ಕಿಯೊಂದು ಪಾರ್ಕಿಂಗ್‌ನಲ್ಲಿ ಯಾರದೋ ಸ್ಯಾಂಡ್‌ವಿಚ್ ಜಗ್ಗಾಡುತ್ತಿತ್ತು. ಅದು ಜಗ್ಗಿ ಮುಗಿಸಿ ಹಾರಿಹೋಯಿತು. ರಿಗ್ಮೋರ್ ಚೀಲದ ಪಟ್ಟಿಯನ್ನು ಹಿಂಡುತ್ತಿದ್ದಳು. ಮಲೆನೆ ಮಾತ್ರ ಎಲ್ಲಿಗೂ ಹೋಗುವ ಆತುರವಿಲ್ಲದವಳಂತೆ ಕಾಫಿ ಗುಟುಕರಿಸುತ್ತಿದ್ದಳು.

"ಮಂಡಿಯೂರಬೇಕು," ಎಂದ ಕೊನೆಗೆ.

"ಚರ್ಚಿನಲ್ಲಾ?" ಎಂದಳು ಮಲೆನೆ.

"ಇಲ್ಲಪ್ಪ. ದೋಣೀಲಿ."

ಅಪ್ಪನ ಕಾಲದ ಮರದ ದೋಣಿಯೊಂದು ಶೆಡ್ಡಿನಲ್ಲಿತ್ತು. ಅದರ ತಳದ ಹಲಗೆಗಳ ಸಂದುಗಳನ್ನು ಮಂಡಿಯೂರಿಯೇ ತುಂಬಬೇಕು, ಮಂಡಿಯೂರಿಯೇ ವಾರ್ನಿಶ್ ಬಳಿಯಬೇಕು. ಈ ಬೇಸಿಗೆಗೆ ಅದನ್ನು ನೀರಿಗಿಳಿಸುವ ಆಸೆ ಅವನಿಗೆ. ಇಷ್ಟನ್ನೂ ಅವನು ಒಂದೇ ಉಸಿರಿಗೆ ಹೇಳಿದ.

ಮಲೆನೆ ಏನನ್ನೂ ಮುಚ್ಚಿಡಲಿಲ್ಲ. ಲೋಹದ ಮಂಡಿ ಹಾಕಿದರೆ ನಡೆಯುವ ನೋವು ಬಹುಪಾಲು ಹೋದೀತು. ಆದರೆ ಮಂಡಿಯೂರುವುದು ಕೆಲವರಿಗೆ ಒಗ್ಗುತ್ತದೆ, ಹಲವರಿಗೆ ಒಗ್ಗುವುದೇ ಇಲ್ಲ, ಆ ಬಗ್ಗೆ ತಾನು ಮಾತು ಕೊಡಲಾರೆ ಎಂದಳು. ಪ್ಲಾಸ್ಟಿಕ್ಕಿನ ಮಂಡಿಯೊಂದನ್ನು ಅವನ ಕೈಗಿಟ್ಟಳು. ಎವಾಲ್ಡ್ ಅದನ್ನು ಮಡಿಸಿದ, ಬಿಡಿಸಿದ, ಸಂದಿನೊಳಗೆ ಬೆರಳಾಡಿಸಿದ. ಬೇರಿಂಗ್ ಸವೆದಿದೆ, ಸರಿ, ಆದರೆ ಮೂಳೆಯ ದಂಡ ನೆಟ್ಟಗಿದೆಯೇ ಎಂದು ಎಂಜಿನ್ನಿನ ಭಾಷೆಯಲ್ಲೇ ಕೇಳಿದ. ನೆಟ್ಟಗಿದೆ ಎಂದು ಎಕ್ಸ್‌ರೇ ತೋರಿಸಿದಳು. ಸುತ್ತಲಿನ ಮಾಂಸಖಂಡ ಗಟ್ಟಿಯಾದರೆ ಬೇರಿಂಗಿನ ಮೇಲಿನ ಭಾರ ತಗ್ಗುತ್ತದೆಯೇ? ತಗ್ಗುತ್ತದೆ, ಅದಕ್ಕೆಂದೇ ಇಲ್ಲಿ ವ್ಯಾಯಾಮದ ಗುಂಪಿದೆ. ಕಾದರೆ ಕೆಡುವುದೇನಾದರೂ ಇದೆಯೇ? ಒಂದು ಬೇಸಿಗೆ ಕಾದರೆ ಏನೂ ಇಲ್ಲ.

"ಹಾಗಾದ್ರೆ ಈ ಬೇಸಿಗೆ ಕಸರತ್ತು. ಆಮೇಲೆ ನೋಡೋಣ," ಎಂದ ಎವಾಲ್ಡ್. ಅಷ್ಟು ಸುಲಭವಾಗಿ ಬಾಯಿಂದ ಬಂದ ಆ ಮಾತು ಅವನಿಗೇ ಸೋಜಿಗವೆನಿಸಿತು.

ಮಲೆನೆ ಕೊಟ್ಟ ಮಾತಿನಂತೆ ರಿಗ್ಮೋರ್‌ಳತ್ತ ತಿರುಗಿದಳು. ತನಗೆ ಹೇಳುವುದೇನೂ ಇಲ್ಲ ಎಂದಳು ರಿಗ್ಮೋರ್. ಅವಳ ಮಾತಿಲ್ಲದ ಕಾರಿನಲ್ಲಿ ಎಂಜಿನ್ನಿನ ಕಟಕಟ ಸದ್ದು ಅವನಿಗೆ ಮೊದಲ ಬಾರಿ ಕೇಳಿಸಿತು. ವಾಲ್ವು ಸರಿ ಮಾಡಿಸಬೇಕು ಅಂದುಕೊಂಡ.

ಮನೆ ಹತ್ತಿರ ಬಂದಾಗ ಅವಳು ಕೇಳಿದಳು: "ಆಲ್ಪ್ಸ್ ಬೇಡ ಅಂತ ನನಗ್ಯಾಕೆ ಹೇಳ್ಲಿಲ್ಲ ನೀನು? ನಾನು ಕೇಳಿದ್ದೆ ತಾನೆ?"

"ಕೇಳಿದ್ದೆ. ಉತ್ತರಾನೂ ನೀನೇ ಹೇಳಿದ್ದೆ."

ಅವಳು ಮುಖ ಊದಿಸಿಕೊಂಡಳು. ಆಮೇಲೆ ಸಂಜೆ ರೈ ರೊಟ್ಟಿಯ ಮೇಲೆ ಹೆರಿಂಗ್ ಮೀನು ಜೋಡಿಸುತ್ತಿದ್ದವಳು ಒಬ್ಬಳೇ ನಕ್ಕಿದ್ದು ಅವನಿಗೆ ಕೇಳಿಸಿತು. ಅಷ್ಟು ಸಾಕಾಯಿತು ಅವನಿಗೆ.

ವ್ಯಾಯಾಮದ ಗುಂಪಿನಲ್ಲಿ ಮಂಡಿ ಸವೆದವರು, ಸೊಂಟ ಹಿಡಿದವರು ಎಲ್ಲರೂ ಕನ್ನಡಿಯ ಮುಂದೆ ಒಟ್ಟಿಗೆ ಕುಕ್ಕರಿಸುತ್ತ ಒಟ್ಟಿಗೆ ನರಳುತ್ತಿದ್ದರು. ಅವರನ್ನು ಆಡಿಸುತ್ತಿದ್ದ ಯೆಪ್ಪೆ ಎಂಬ ಫಿಸಿಯೋ ಹುಡುಗಾಟದ ಆಸಾಮಿ. ಯಾವ ಕಸರತ್ತು ಯಾವ ಕೆಲಸಕ್ಕೆ ಬೇಕೆಂದು ನೀವೇ ಹೇಳಿ ಎಂದು ಅವರನ್ನೇ ಕೇಳುತ್ತಿದ್ದ. ಒಬ್ಬಾಕೆ ಮೊಮ್ಮಗನನ್ನು ಎತ್ತಿಕೊಳ್ಳುವ ಕಸರತ್ತು ಬೇಕೆಂದಳು. ಎವಾಲ್ಡ್ ದೋಣಿಯಿಂದ ಅದನ್ನು ಕಟ್ಟುವ ದಕ್ಕೆಗೆ ಹತ್ತುವುದನ್ನು ಮಾಡಿ ತೋರಿಸಿದ, ಯೆಪ್ಪೆ ಬೆಂಚುಗಳನ್ನು ಜೋಡಿಸಿ ಅದಕ್ಕೊಂದು ಅಭ್ಯಾಸ ಕಟ್ಟಿಕೊಟ್ಟ. ಮೇ ಹೊತ್ತಿಗೆ ನೋವು ಅರ್ಧಕ್ಕಿಳಿಯಿತು. ಜೂನ್‌ನಲ್ಲಿ ದೋಣಿ ನೀರಿಗಿಳಿಯಿತು.

ಆಗಸ್ಟಿನಲ್ಲೊಂದು ದಿನ ಅವನು ದಕ್ಕೆಗೆ ಹತ್ತಲು ಹೋದಾಗ ಮಂಡಿ ಸಿಕ್ಕಿಹಾಕಿಕೊಂಡಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ದೋಣಿಯಲ್ಲೇ ಕುಸಿದು ಕುಳಿತ. ಊಟಕ್ಕೆ ಬರಲಿಲ್ಲವೆಂದು ಹುಡುಕಿಕೊಂಡು ಬಂದ ರಿಗ್ಮೋರ್ ದಕ್ಕೆಯ ಅಂಚಿನಲ್ಲಿ ನಿಂತು ಕೆಳಗೆ ನೋಡಿದಳು. ಅವಳ ತುಟಿಯ ತುದಿಗೆ ಬಂದ ಮಾತು ಅವನಿಗೆ ಚೆನ್ನಾಗಿಯೇ ಕಾಣುತ್ತಿತ್ತು. ಅದನ್ನವಳು ನುಂಗಿದಳು.

"ಏನು ಮಾಡೋಣ ಅಂತೀಯ?" ಎಂದು ಕೇಳಿ, ಅವಳೂ ಕಾಲು ಇಳಿಬಿಟ್ಟುಕೊಂಡು ದಕ್ಕೆಯ ಮೇಲೆ ಕುಳಿತಳು.

ಅಲೆ ದೋಣಿಗೆ ಬಡಿಯುತ್ತಿತ್ತು.

"ಬದಲಾಯಿಸ್ಬಿಡೋಣ. ಈ ಬೇಸಿಗೆ ನನಗೆ ಸಿಕ್ತು. ಇನ್ನು ಸಾಕು."

ಆಪರೇಷನ್ನಿನ ದಿನ ಸೊಂಟದಿಂದ ಕೆಳಗೆ ಮಾತ್ರ ಮರಗಟ್ಟಿಸಿ, ನಾನು ಎಚ್ಚರವಾಗಿರುತ್ತೇನೆ ಎಂದ. ಪರದೆಯಾಚೆ ಗರಗಸದ ಸದ್ದು, ಸುತ್ತಿಗೆಯ ಸದ್ದು. ಏನು ನಡೆಯುತ್ತಿದೆಯೆಂದು ಮಲೆನೆ ಆಗಾಗ ಹೇಳುತ್ತಿದ್ದಳು. ಈಗ ಕೂರಿಸ್ತಿದೀನಿ ಎಂದಾಗ ನೆಟ್ಟಗೆ ಕೂತಿತೇ ಎಂದು ಕೇಳಿದ. ಕೂತಿತು ಎಂದಳು. ಅವನಿಗೆ ಹೆದರಿಕೆ ಇರಲಿಲ್ಲವೆಂದಲ್ಲ; ನರ್ಸಿನ ಕೈಯನ್ನು ಅವನು ಕೊನೆಯವರೆಗೂ ಬಿಡಲಿಲ್ಲ. ವಾರ್ಡಿಗೆ ಬಂದ ಮೇಲೆ ಪಕ್ಕದ ಹಾಸಿಗೆಯವನಿಗೆ ಲೋಹದ ಬೇರಿಂಗಿನ ವಿಷಯವನ್ನು ಎಷ್ಟು ಉದ್ದ ಕೊರೆದನೆಂದರೆ, ರಿಗ್ಮೋರ್ ಕಾಫಿ ತರುವ ನೆಪ ಹೇಳಿ ಎದ್ದುಹೋದಳು.

ಚಳಿಗಾಲ ಕಳೆಯುವ ಹೊತ್ತಿಗೆ ಅವನು ಕೋಲಿಲ್ಲದೆ ಅಂಗಡಿಗೆ ಹೋಗಿ ಬರುತ್ತಿದ್ದ, ಮೆಟ್ಟಿಲಿಳಿಯುವಾಗ ಬೈಯುವುದೂ ನಿಂತಿತ್ತು. ಆದರೆ ಮಂಡಿಯೂರುವುದು ಮಲೆನೆ ಹೇಳಿದ ಹಾಗೇ ಆಯಿತು. ದಿಂಬು ಹಾಕಿಕೊಂಡರೂ ಅಲ್ಲಿ ಯಾರದೋ ಮಂಡಿ ಇಟ್ಟಂತೆ ಜೋಮು, ಸ್ವಲ್ಪ ಹೊತ್ತಿಗೆಲ್ಲ ಏಳಬೇಕು. ಅವನಿಗೆ ಬೇಸರವಾಯಿತು, ಆದರೆ ಮೋಸ ಹೋದಂತೆ ಅನಿಸಲಿಲ್ಲ.

ಏಪ್ರಿಲಿನಲ್ಲಿ ದೋಣಿಯ ಮೇಲ್ಭಾಗಕ್ಕೆ ಅವನು ನಿಂತುಕೊಂಡು ವಾರ್ನಿಶ್ ಬಳಿದ. ತಳದ ಹಲಗೆಗಳಿಗೆ ರಿಗ್ಮೋರ್ ಮಂಡಿಯೂರಿದಳು. ಅವಳು ಬಳಿದ ಎಳೆಗಳು ಅಂಕುಡೊಂಕಾದವು. ಹೇಗಿದೆ ಎಂದು ಅವಳು ಕೇಳಿದಾಗ ಎವಾಲ್ಡ್ ಬಗ್ಗಿ ನೋಡಿ, ಸದ್ಯ, ಇದು ನೀರಿನಡಿ ಇರುತ್ತದೆ, ಯಾರಿಗೂ ಕಾಣುವುದಿಲ್ಲ ಎಂದ. ಅವಳು ಕುಂಚವನ್ನು ಅವನ ಪ್ಯಾಂಟಿಗೆ ಒರೆಸಿದಳು.