ಕ್ನೆಡ್ಲೀಕನೂ ಕೋಳಿಗೂಡಿನ ಬಾಟಲಿಯೂ

ಬೇಸಿಗೆ ಬಂತೆಂದರೆ ಕೋಳಿಗೂಡಿಗೆ ನುಸಿ ಬರುವುದು ಊರಿಗೆಲ್ಲ ಗೊತ್ತಿರುವ ಸಂಗತಿ. ಹಗಲೆಲ್ಲ ಹಲಗೆಯ ಸಂದಿಯಲ್ಲಿ ಅಡಗಿರುತ್ತವೆ, ಕತ್ತಲಾದ ಮೇಲೆ ಹೊರಬಂದು ಕೋಳಿಯ ರಕ್ತ ಹೀರುತ್ತವೆ. ಇದಕ್ಕೆ ಊರಲ್ಲಿ ಒಬ್ಬೊಬ್ಬರದು ಒಂದೊಂದು ಔಷಧಿ. ಟ್ರ್ಯಾಕ್ಟರ್ ಮೆಕ್ಯಾನಿಕ್ ಆಗಿದ್ದು ನಿವೃತ್ತನಾದ ಬೊಹೂಶನದು ಒಂದು ಹಳೆಯ ಬಾಟಲಿ. ಮೊದಲು ಅದರಲ್ಲಿ ಪ್ಲಮ್ ಹಣ್ಣಿನ ಸಾರಾಯಿ ಇತ್ತು. ಸಾರಾಯಿ ಮುಗಿದ ಮೇಲೆ ಸಹಕಾರಿ ಸಂಘದ ಗೋದಾಮಿನಿಂದ ಯಾವುದೋ ದ್ರಾವಣ ತಂದು ತುಂಬಿಸಿದ್ದ. ಬಕೆಟ್ ನೀರಿಗೆ ಒಂದು ಚಮಚ ಸಾಕಾಗುತ್ತಿದ್ದುದರಿಂದ ಮೂವತ್ತು ವರ್ಷವಾದರೂ ಅದು ಮುಗಿದಿರಲಿಲ್ಲ. ಒಳಗಿರುವುದು ಏನೆಂದು ಬೊಹೂಶನಿಗೇ ಮರೆತುಹೋಗಿತ್ತು.

"ಒಂದಿನ ಸಾರಾಯಿ ಅಂತ ನೀನೇ ಅದನ್ನ ಕುಡೀತೀಯ ನೋಡು," ಎಂದು ಹೆಂಡತಿ ವ್ಲಾಸ್ತಾ ಪ್ರತಿ ವರ್ಷವೂ ಬೈಯುತ್ತಿದ್ದಳು.

ಈ ವರ್ಷ ನುಸಿ ಬಂದದ್ದು ಕೋಳಿಗಲ್ಲ, ಕ್ನೆಡ್ಲೀಕನಿಗೆ.

ಕ್ನೆಡ್ಲೀಕ್ ಬೊಹೂಶನ ಹಾವು. ಕಿತ್ತಳೆ ಬಣ್ಣದ ಮೈ, ವಿಷವಿಲ್ಲ, ಬಲು ಸಾಧು. ಹದಿನಾಲ್ಕು ವರ್ಷದ ಹಿಂದೆ, ನಿವೃತ್ತಿಯ ದಿನ, ಜತೆಯ ಕೆಲಸಗಾರರು ಪೆನ್ಸಿಲ್ ಗಾತ್ರದ ಮರಿಯನ್ನು ಡಬ್ಬಿಯಲ್ಲಿಟ್ಟು ಕೊಟ್ಟಿದ್ದರು. "ಮನೇಲಿ ನಿನ್ನ ಮಾತು ಕೇಳೋಕೆ ಒಬ್ರಾದ್ರೂ ಬೇಕಲ್ಲಪ್ಪ" ಎಂದು ನಕ್ಕಿದ್ದರು. ಭಾನುವಾರದ ಊಟದ ಕಡುಬಿನ ಹಾಗೆ ದುಂಡಗೆ ಸುತ್ತಿಕೊಂಡು ಕೂತಿದ್ದಕ್ಕೆ ಆ ಕಡುಬಿನ ಹೆಸರನ್ನೇ ಇಟ್ಟರು. ಈಗ ಅವನು ಬೊಹೂಶನ ತೋಳಿಗಿಂತ ಉದ್ದ. ಬೆಳಗಿನ ಕಾಫಿಯ ಹೊತ್ತಿಗೆ ಬೊಹೂಶ್ ಗಾಜಿನ ಪೆಟ್ಟಿಗೆಯ ಮುಂದೆ ಕುರ್ಚಿ ಹಾಕಿಕೊಂಡು ಅವನಿಗೆ ಪತ್ರಿಕೆ ಓದಿ ಹೇಳುತ್ತಿದ್ದ. ವ್ಲಾಸ್ತಾ ಮಾತ್ರ ಇಷ್ಟು ವರ್ಷವಾದರೂ ಅವನನ್ನು ಮುಟ್ಟಿದವಳಲ್ಲ. "ನನ್ನ ಅಡುಗೆಮನೆಗೆ ಬಂದ್ರೆ ಸೂಪ್ ಮಾಡಿಬಿಡ್ತೀನಿ" ಎಂದು ಹಾವಿಗೇ ಮುಖ ಕೊಟ್ಟು ಹೇಳುತ್ತಿದ್ದಳು.

ಎರಡು ಮನೆ ಆಚೆಯ ಇವೆಟಾ ಬ್ರ್ನೋ ನಗರದಲ್ಲಿ ಹಕ್ಕಿ, ಆಮೆ, ಹಾವುಗಳಿಗೆ ಚಿಕಿತ್ಸೆ ಕೊಡುವ ಕ್ಲಿನಿಕ್ಕಿನಲ್ಲಿ ಸಹಾಯಕಿ. ಶನಿವಾರ ಮೊಟ್ಟೆ ತೆಗೆದುಕೊಂಡು ಹೋಗಲು ಬಂದವಳು ಗಾಜಿನ ಪೆಟ್ಟಿಗೆಯ ಮುಂದೆ ನಿಂತಳು.

"ಮಾವ, ಇವನು ಯಾಕೆ ನೀರಲ್ಲಿ ಮಲಗಿದಾನೆ?"

"ಸೆಕೆ ಮಗಳೇ. ನಂಗೂ ಹಂಗೇ ಬಿದ್ಕೊಳ್ಳೋಣ ಅನ್ಸುತ್ತೆ."

"ಎಷ್ಟು ದಿನದಿಂದ ಹೀಗಿದಾನೆ?"

"ಮೂರು... ನಾಲ್ಕು. ಇಲೀನೂ ತಿಂದಿಲ್ಲ."

ಇವೆಟಾ ಒದ್ದೆ ಮಾಡಿದ ಬಿಳಿ ಟಿಶ್ಯೂ ಕಾಗದದಿಂದ ಕ್ನೆಡ್ಲೀಕನ ಗದ್ದದ ಕೆಳಗೆ ಮೆಲ್ಲಗೆ ಒರೆಸಿದಳು. ಕಾಗದದ ಮೇಲೆ ಗಸಗಸೆಯಂಥ ಕರಿ ಚುಕ್ಕೆಗಳು ಕಂಡವು. ನೋಡುತ್ತಿದ್ದಂತೆ ಒಂದು ಗಸಗಸೆ ನಡೆಯತೊಡಗಿತು.

"ನುಸಿ, ಮಾವ. ಹುರುಪೆ ಸಂದೀಲಿ, ಕಣ್ಣಿನ ಅಂಚಲ್ಲಿ ಕೂತು ರಕ್ತ ಕುಡಿಯುತ್ತೆ. ಅದ್ರ ಕಾಟ ತಡೀಲಾರ್ದೆ ಪಾಪ ಇವನು ನೀರಲ್ಲಿ ಮುಳುಗಿರೋದು. ಹೊಸದೇನಾದ್ರೂ ತಂದ್ರಾ ಈಚೆಗೆ?"

ಬೊಹೂಶ್ ಪೆಟ್ಟಿಗೆಯೊಳಗಿನ ಕೊಂಬೆಯನ್ನು ನೋಡಿದ. ಹೋದ ತಿಂಗಳು ಭಾನುವಾರದ ಹಾವು-ಹಲ್ಲಿ ಸಂತೆಯಲ್ಲಿ ಯಾರೋ ಬಳಸಿ ಬಿಟ್ಟದ್ದನ್ನು ತಂದು, ಬರೀ ದೂಳು ಕೊಡವಿ ಒಳಗಿಟ್ಟಿದ್ದ.

"ಸೋಮವಾರ ಕ್ಲಿನಿಕ್‌ಗೆ ಕರ್ಕೊಂಡ್ ಬನ್ನಿ. ಡಾಕ್ಟ್ರು ತೂಕ ನೋಡಿ ಔಷಧಿ ಕೊಡ್ತಾರೆ."

"ಹಾವನ್ನ ತೂಗೋಕೆ ಬ್ರ್ನೋವರೆಗೂ ಹೋಗ್ಬೇಕಾ? ಅಡುಗೆಮನೇಲಿ ತಕ್ಕಡಿ ಇಲ್ವಾ?"

"ಮುಟ್ಟಿ ನೋಡು ನನ್ನ ತಕ್ಕಡೀನ!" ಒಳಗಿನಿಂದ ವ್ಲಾಸ್ತಾಳ ದನಿ ಬಂತು.

"ನುಸಿ ಅಂದ್ರೆ ನುಸಿ ಮಗಳೇ. ಕೋಳಿಗಾದ್ರೇನು, ಹಾವಿಗಾದ್ರೇನು. ನನ್ನ ಬಾಟ್ಲಿ ಇದ್ಯಲ್ಲ."

"ದಮ್ಮಯ್ಯ ಮಾವ, ಆ ಬಾಟ್ಲಿ ಬೇಡ! ಅದ್ರಲ್ಲಿ ಏನಿದೆ ಅಂತ ನಿಮಗೇ ಗೊತ್ತಿಲ್ಲ. ಇವನಿರೋದು ಗಾಜಿನ ಪೆಟ್ಟಿಗೇಲಿ. ಅದರ ಹಬೇನೇ ಉಸಿರಾಡ್ಬೇಕು, ಅದ್ರ ಮೇಲೇ ಹೊಟ್ಟೆ ಎಳ್ಕೊಂಡ್ ಓಡಾಡ್ಬೇಕು. ನುಸಿ ಸಾಯ್ಬೇಕು, ಹಾವು ಉಳೀಬೇಕು. ಎರಡೂ ಆದ್ರೇನೇ ಅದು ಔಷಧಿ."

ಬೊಹೂಶ್ ತಲೆಯಾಡಿಸಿದ. ಅವನು ತಲೆಯಾಡಿಸಿದರೆ ಒಪ್ಪಿದ ಎಂದರ್ಥವಲ್ಲ. ಕೆಟ್ಟ ವಾಷಿಂಗ್ ಮೆಷಿನ್ನನ್ನು ಸೈಕಲ್ಲಿನ ಭಾಗ ಹಾಕಿ ಓಡಿಸಿದ ಮನುಷ್ಯ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ. ಸೋಮವಾರದವರೆಗೆ ಆ ಜೀವ ಕಚ್ಚಿಸಿಕೊಂಡು ಬಿದ್ದಿರುವುದನ್ನು ನೋಡುವುದೂ ಅವನಿಂದಾಗಲಿಲ್ಲ. ಮಾಡಿದ್ದೆಲ್ಲ ಪ್ರೀತಿಯಿಂದಲೇ ಮಾಡಿದ, ಬೇಸರದ ಸಂಗತಿ ಅದೇ.

ಭಾನುವಾರ ಬೆಳಿಗ್ಗೆ ವ್ಲಾಸ್ತಾ ಹಿತ್ತಲಲ್ಲಿ ಹಣ್ಣು ಬಿಡಿಸುತ್ತಿದ್ದಾಗ ಅವನು ಬಟ್ಟೆಗೆ ಬಾಟಲಿಯ ದ್ರಾವಣ ಹಚ್ಚಿ ಕ್ನೆಡ್ಲೀಕನ ಮೈಯೆಲ್ಲ ಒರೆಸಿದ. ಕೊಂಬೆಗೂ ಬಳಿದ. ಪೆಟ್ಟಿಗೆ ಮುಚ್ಚಿ ಕಾಫಿ ಕುಡಿಯಲು ಕೂತ.

ಪತ್ರಿಕೆಯ ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಕ್ನೆಡ್ಲೀಕನ ತಲೆ ಮೇಲಕ್ಕೆ ತಿರುಚಿಕೊಂಡಿತ್ತು. ಬಾಯಿ ತೆರೆದಿತ್ತು. ಅಂಗಾತ ಬಿದ್ದವನಿಗೆ ಮಗುಚಿಕೊಳ್ಳಲು ಆಗುತ್ತಿರಲಿಲ್ಲ.

"ವ್ಲಾಸ್ತಾ!" ಎಂದು ಅವನು ಕೂಗಿದ ಕೂಗಿಗೆ ಕೋಳಿಗಳೂ ಬೆದರಿದವು.

ವ್ಲಾಸ್ತಾ ಓಡಿ ಬಂದಳು. ಹಾವನ್ನು ನೋಡಿದಳು, ಮೇಜಿನ ಮೇಲಿನ ಬಾಟಲಿಯನ್ನು ನೋಡಿದಳು. ಬೈಯಲಿಲ್ಲ. ಇವೆಟಾಳಿಗೆ ಫೋನ್ ಮಾಡಿದಳು.

"ಅತ್ತೆ, ಕೈಗೆ ಗ್ಲೌಸ್ ಹಾಕ್ಕೊಳ್ಳಿ. ಮೊದ್ಲು ಪೆಟ್ಟಿಗೆಯಿಂದ ಹೊರಗೆ ತೆಗೀರಿ, ಕಿಟಕಿ ತೆರೀರಿ. ಉಗುರು ಬೆಚ್ಚಗಿನ ನೀರಲ್ಲಿ ಮೈ ತೊಳೀರಿ, ತಲೆ ಮೇಲೆ ಎತ್ತಿ ಹಿಡ್ಕೊಳ್ಳಿ, ಬಾಯಿಗೆ ನೀರು ಹೋಗ್ಬಾರ್ದು. ಒರೆಸಿ, ಬಟ್ಟೆ ಚೀಲದಲ್ಲಿ ಹಾಕಿ. ನಾನು ಡಾಕ್ಟ್ರಿಗೆ ಹೇಳ್ತೀನಿ. ಬಾಟ್ಲೀನೂ ತನ್ನಿ, ಮರೀಬೇಡಿ!"

ನೀರು ಹುಯ್ದದ್ದು ಬೊಹೂಶ್, ಹಾವನ್ನು ಹಿಡಿದದ್ದು ವ್ಲಾಸ್ತಾ. ಬ್ರ್ನೋವರೆಗಿನ ಮುಕ್ಕಾಲು ಗಂಟೆಯ ದಾರಿಯುದ್ದಕ್ಕೂ ಅವಳು ಬಟ್ಟೆ ಚೀಲವನ್ನು ಸ್ವೆಟರಿನೊಳಗೆ ಎದೆಗೊತ್ತಿಕೊಂಡು ಕೂತಿದ್ದಳು. "ಸೂಪ್ ಗೀಪ್ ಏನೂ ಮಾಡಲ್ಲ ಕಣೋ, ಸುಮ್ನೆ ಹೇಳ್ತಿದ್ದೆ," ಎಂದು ಚೀಲಕ್ಕೆ ಹೇಳುತ್ತಿದ್ದಳು. ಬೊಹೂಶ್ ರಸ್ತೆ ನೋಡುತ್ತ ಕಾರು ಓಡಿಸಿದ, ಅವನ ಕಣ್ಣು ಮಂಜಾಗಿತ್ತು.

ಡಾಕ್ಟರಮ್ಮ ಹಾವನ್ನು ಪರೀಕ್ಷಿಸುತ್ತಲೇ ಕೇಳಿದರು: "ಯಾವ ಔಷಧಿ ಹಚ್ಚಿದ್ರಿ?"

ಬೊಹೂಶ್ ಬಾಟಲಿಯನ್ನು ಮುಂದೆ ಹಿಡಿದ.

"ಏನಿದೆ ಇದ್ರಲ್ಲಿ? ಏನು ಅಂತ ಗೊತ್ತಾದ್ರೆ ನಂಗೆ ಕೆಲಸ ಸುಲಭ."

ಮೂವತ್ತು ವರ್ಷದಿಂದ ಅದನ್ನೇ ಬಳಸುತ್ತಿದ್ದವನು "ಗೊತ್ತಿಲ್ಲ" ಎಂದ. ತಲೆ ತಗ್ಗಿಸಿಕೊಂಡು ನಿಂತ. ಆ ಗಳಿಗೆಯಷ್ಟು ನಾಚಿಕೆ ಅವನಿಗೆ ಜೀವಮಾನದಲ್ಲಿ ಆಗಿರಲಿಲ್ಲ.

ಕ್ನೆಡ್ಲೀಕನನ್ನು ಮೂರು ದಿನ ಕ್ಲಿನಿಕ್ಕಿನಲ್ಲೇ ಇಟ್ಟುಕೊಂಡರು. ನಾಲ್ಕನೇ ದಿನ ಇವೆಟಾ ಅವನನ್ನು ತಂದಳು. ತಲೆ ನೆಟ್ಟಗಿತ್ತು, ನಾಲಿಗೆ ಆಡುತ್ತಿತ್ತು. ಬೊಹೂಶ್ ಕನ್ನಡಕ ಹಾಕಿಕೊಂಡು ಶಾಲೆಯ ಹುಡುಗನ ಹಾಗೆ ಪೆನ್ಸಿಲ್ ಹಿಡಿದು ಕೂತ.

"ಈಗ ಹೇಳು ಮಗಳೇ. ನೀನು ಹೇಳಿದ್ದಷ್ಟೇ ಮಾಡ್ತೀನಿ."

"ಇವನ ಮೈ ಮೇಲಿರೋ ನುಸಿಗಿಂತ ಮನೇಲಿರೋದೇ ಜಾಸ್ತಿ ಮಾವ. ಮೊಟ್ಟೆ ಇಡೋದು ಪೆಟ್ಟಿಗೆ ಸಂದೀಲಿ. ಹಾಸಿರೋ ಮರದ ಹೊಟ್ಟನ್ನೆಲ್ಲ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ ಹೊರಗೆ ಹಾಕಿ. ಕೊಂಬೇನೂ ಅಷ್ಟೇ."

"ಎಷ್ಟು ಚೆನ್ನಾಗಿರೋ ಕೊಂಬೆ..."

"ಬೊಹೂಶ್!" ಎಂದಳು ವ್ಲಾಸ್ತಾ.

"ಸರಿ, ಸರಿ. ಬರ್ಕೊಂಡೆ."

"ಪೆಟ್ಟಿಗೇನ ಸೋಪು ಬಿಸಿನೀರಲ್ಲಿ ಮೂಲೆ ಮೂಲೆ ಉಜ್ಜಿ, ಚೆನ್ನಾಗಿ ತೊಳೆದು ಒಣಗಿಸಿ. ಅಲ್ಲೀವರೆಗೂ ಇವನಿಗೆ ಗಾಳಿ ಆಡೋ ಪ್ಲಾಸ್ಟಿಕ್ ಡಬ್ಬಿ. ಕೆಳಗೆ ಬಿಳಿ ಕಾಗದ ಹಾಸಿ, ದಿನಾ ಬದಲಾಯಿಸಿ. ಬಿಳಿ ಮೇಲೆ ಕರಿ ಚುಕ್ಕೆ ಬೇಗ ಕಾಣುತ್ತೆ. ಬೆಚ್ಚಗಿರಲಿ, ಕುಡಿಯೋಕೆ ನೀರಿರಲಿ. ಮುಟ್ಟಿದ ಮೇಲೆ ಕೈ ತೊಳೀರಿ. ಔಷಧಿ ಡಾಕ್ಟ್ರು ಬರೆದ ದಿನ, ಬರೆದಷ್ಟೇ."

ಹತ್ತನೇ ದಿನ ಕಾಗದದ ಮೇಲೆ ಮತ್ತೆ ಎರಡು ಚುಕ್ಕೆ ಕಂಡವು. ಬೊಹೂಶನ ಹಳೆಯ ಬುದ್ಧಿ ಕೆರಳಿತು. ಡಾಕ್ಟರಮ್ಮ ಕೊಟ್ಟ ಔಷಧಿಯ ಸೀಸೆ ಕೈಗೆತ್ತಿಕೊಂಡ. ಇನ್ನೊಂದಿಷ್ಟು ಹಚ್ಚಿದರೆ? ಹಾವನ್ನು ನೋಡಿದ, ಸೀಸೆಯನ್ನು ಕೆಳಗಿಟ್ಟು ಇವೆಟಾಳಿಗೆ ಫೋನ್ ಮಾಡಿದ.

"ಹಳೇ ಮೊಟ್ಟೆ ಒಡೆದು ಬಂದಿರೋವು ಮಾವ. ಅದಕ್ಕೇ ಡಾಕ್ಟ್ರು ಎರಡನೇ ಸಲದ ದಿನಾಂಕ ಬರೆದಿರೋದು. ಆ ದಿನದವರೆಗೂ ಕಾಗದ ಬದಲಾಯಿಸ್ತಾ ಇರಿ. ಕೇಳಿ ಒಳ್ಳೇದ್ ಮಾಡಿದ್ರಿ."

ಆ ಮಾತಿಗೆ ಬೊಹೂಶ್ ದಿನವಿಡೀ ಉಬ್ಬಿಕೊಂಡು ಓಡಾಡಿದ.

ಆರನೇ ವಾರ ಬಿಳಿ ಕಾಗದ ಬಿಳಿಯಾಗಿಯೇ ಉಳಿಯಿತು. ಡಾಕ್ಟರಮ್ಮ ನೋಡಿ ಸೈ ಎಂದರು. ಅಂದು ಸಂಜೆ ಇಲಿಯನ್ನು ಇಕ್ಕಳದಲ್ಲಿ ಹಿಡಿದು ಕೊಟ್ಟದ್ದು ವ್ಲಾಸ್ತಾ. ಕ್ನೆಡ್ಲೀಕ್ ಗಬಕ್ಕನೆ ಹಿಡಿದ. "ನೋಡೋ, ನನ್ನ ಕೈಯಿಂದ ತಿಂದ!" ಎಂದು ಅವಳು ಕುಣಿದಾಡಿದಳು. ಪತ್ರಿಕೆ ಓದುವ ಕುರ್ಚಿಯ ಪಕ್ಕದಲ್ಲಿ ಈಗ ಇನ್ನೊಂದು ಕುರ್ಚಿ ಇದೆ.

ಮರುದಿನ ಬೊಹೂಶ್ ಕೊಟ್ಟಿಗೆಯಲ್ಲಿದ್ದ ಚೀಟಿಯಿಲ್ಲದ ಬಾಟಲಿಗಳನ್ನೆಲ್ಲ ಹೊರಗೆ ತೆಗೆದ. ಹನ್ನೊಂದು ಇದ್ದವು. ಚರಂಡಿಗೆ ಸುರಿಯಲಿಲ್ಲ, ತೋಟಕ್ಕೂ ಸುರಿಯಲಿಲ್ಲ. ಊರಿನ ವಿಷದ ಕಸ ಒಪ್ಪಿಸುವ ಕೇಂದ್ರಕ್ಕೆ ಗಾಡಿಯಲ್ಲಿ ಒಯ್ದು ಕೊಟ್ಟು ಬಂದ. ಭಾನುವಾರದ ಸಂತೆಗೆ ಅವನು ಈಗಲೂ ಹೋಗುತ್ತಾನೆ. ಯಾರಾದರೂ ಬಳಸಿದ ಕೊಂಬೆಗೆ ಕೈ ಹಾಕಿದರೆ ಸಾಕು, ಪಕ್ಕದಲ್ಲಿ ನಿಂತು ಕ್ನೆಡ್ಲೀಕನ ಕಥೆ ಶುರು ಮಾಡುತ್ತಾನೆ. ಅಂಗಡಿಯವರಿಗೆ ಅವನನ್ನು ಕಂಡರೆ ಆಗುವುದಿಲ್ಲ.

ಹಾವು ಸಾಕಿದವರೇ, ನಿಮ್ಮ ಹಾವು ದಿನಗಟ್ಟಲೆ ನೀರು ಬಿಟ್ಟು ಏಳದಿದ್ದರೆ ಸೆಕೆ ಎಂದು ಸುಮ್ಮನಿರಬೇಡಿ. ಒದ್ದೆಯಾದ ಬಿಳಿ ಕಾಗದದಲ್ಲಿ ಗದ್ದದ ಕೆಳಗೊಮ್ಮೆ ಒರೆಸಿ ನೋಡಿ. ಚುಕ್ಕೆ ಕಂಡರೆ ಹಾವಿನ ಚಿಕಿತ್ಸೆ ಬಲ್ಲ ವೈದ್ಯರ ಬಳಿಗೆ ಹೋಗಿ. ಹೊಸ ಹಾವನ್ನು ಕೆಲವು ವಾರ ಬೇರೆಯೇ ಇಡಿ. ಹಳೆಯ ಕೊಂಬೆಯನ್ನು ಮನೆಗೆ ತರಲೇಬೇಡಿ. ಕೋಳಿಯದು, ನಾಯಿಯದು, ಹೊಲದ್ದು ಎಂದು ಮನೆಯಲ್ಲಿರುವುದನ್ನು ಹಚ್ಚಬೇಡಿ. ಹಾವಿಗೆ ಮಾತು ಬಾರದು, ಉರಿಯುತ್ತದೆ ಎಂದು ಅದು ಹೇಳುವುದಿಲ್ಲ. ಇವತ್ತೇ ಎದ್ದು ನಿಮ್ಮ ಕೊಟ್ಟಿಗೆಯ ಬಾಟಲಿಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡು "ಏನಿದೆ ಇದರಲ್ಲಿ?" ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಉತ್ತರ ಹೊಳೆಯದಿದ್ದರೆ ಆ ಬಾಟಲಿ ನಿಮ್ಮ ಮನೆಯಲ್ಲಿ ಇರಬೇಕಾದದ್ದಲ್ಲ.