ಅಕ್ಕ ಕ್ಯಾಲೆಂಡರ್ ನೋಡುವಾಗ

ಆ ಬ್ಯಾಂಕಿನಲ್ಲಿ ಜನ ಸರದಿ ನಿಲ್ಲುತ್ತಿರಲಿಲ್ಲ, ಅವರ ಫೋನುಗಳು ನಿಲ್ಲುತ್ತಿದ್ದವು. ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆರೆಯುವುದೇ ತಡ, ಮೂವತ್ತೊಂದು ಮಂದಿ ಹಿರಿಯರು ಒಳಗೆ ಬಂದು, ಹಿಂದೆ ಚೀಟಿ ಹಾಕುತ್ತಿದ್ದ ಉದ್ದನೆಯ ಮರದ ಟ್ರೇಯಲ್ಲಿ ತಮ್ಮ ತಮ್ಮ ಫೋನನ್ನು ಸಾಲಾಗಿ ಮಲಗಿಸಿ, ಗೋಡೆ ಪಕ್ಕದ ಬೆಂಚಿನಲ್ಲಿ ಕೂತುಬಿಡುತ್ತಿದ್ದರು. ರಬ್ಬರ್ ಬ್ಯಾಂಡ್ ಸುತ್ತಿದ್ದು ಟೈಲರ್‌ದು. ಗಾಜು ಒಡೆದದ್ದು ಡ್ರಾಯಿಂಗ್ ಮೇಷ್ಟ್ರದು. ಹಸಿರು ಉಣ್ಣೆಯ ಚೀಲದೊಳಗೆ ಬೆಚ್ಚಗೆ ಮಲಗಿದ್ದು ಕೌಂಟರ್ ಅಕ್ಕನ ಅತ್ತೆಯದು. ತಮ್ಮ ಸರದಿ ಬರುವವರೆಗೆ ಮಂಡಿನೋವು, ಸೊಸೆಯಂದಿರು, ಸತ್ತವರು, ಸಾಯುತ್ತೇನೆ ಸಾಯುತ್ತೇನೆ ಎಂದು ಹೆದರಿಸಿ ಇನ್ನೂ ಗಟ್ಟಿಯಾಗಿರುವವರು, ಎಲ್ಲರ ವಿಚಾರವೂ ಆ ಬೆಂಚಿನ ಮೇಲೆ ಆಗಿಹೋಗುತ್ತಿತ್ತು.

ಕೌಂಟರ್ ಇದ್ದದ್ದು ಒಂದೇ, ಅದರ ಹಿಂದೆ ಇದ್ದವಳು ಅಕ್ಕ. ಐವತ್ತಾರರ ಅವಳನ್ನು ಎಂಬತ್ತರ ಟೈಲರ್ ಕೂಡ ಅಕ್ಕ ಎನ್ನುತ್ತಿದ್ದ. ಮೊದಮೊದಲು ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಆಮೇಲೆ, ಬಾಯಿಗೆ ಬಂದದ್ದು ಅಕ್ಕ ತಾನೇ, ಬೈಗುಳವಂತೂ ಅಲ್ಲವಲ್ಲ ಎಂದು ಸುಮ್ಮನಾದಳು.

ಎರಡು ವರ್ಷದ ಹಿಂದೆ ಮುಖ್ಯ ಕಚೇರಿಯಿಂದ ಒಂದು ಸುತ್ತೋಲೆ ಬಂದಿತ್ತು. ಇನ್ನು ಚೀಟಿ ಇಲ್ಲ, ಪಾಸ್‌ಬುಕ್ ಇಲ್ಲ, ಎಲ್ಲವೂ ಫೋನಿನ ಆ್ಯಪ್‌ನಲ್ಲೇ ಆಗಬೇಕು. ಕೆಳಗೆ ದಪ್ಪಕ್ಷರದಲ್ಲಿ ಇನ್ನೊಂದು ಸಾಲು: ಸಿಬ್ಬಂದಿ ಗ್ರಾಹಕರ ಫೋನನ್ನು ಮುಟ್ಟಕೂಡದು. ಮುಟ್ಟದೆ ಕಲಿಸಬೇಕಂತೆ, ದಡದಲ್ಲಿ ಕೂರಿಸಿ ಈಜು ಕಲಿಸಿದ ಹಾಗೆ ಎಂದು ಅಕ್ಕ ಒಂದು ದಿನವೆಲ್ಲ ಗೊಣಗಿದಳು. ಮರುದಿನ ಮೊನೆಯಿಲ್ಲದ ಒಂದು ಪೆನ್ಸಿಲ್ ತಂದು, ಗಾಜಿನ ಕಿಂಡಿಯಿಂದ ಅದನ್ನು ಚಾಚಿ ಪಾಠ ಶುರುಮಾಡಿದಳು.

"ಹಸಿರು ಚೌಕ ಒತ್ತಿ. ಅದಲ್ಲ, ಪಕ್ಕದ್ದು. ಈಗ ಬಾಣ. ಬಾಣ ಅಲ್ಲಿದೆ ಮೇಷ್ಟ್ರೇ, ನನ್ನ ಮುಖದಲ್ಲಿಲ್ಲ."

ಗುಟ್ಟಿನ ನಂಬರ್ ಒತ್ತುವ ಹೊತ್ತಿಗೆ "ನಾನು ಕ್ಯಾಲೆಂಡರ್ ನೋಡ್ತಿದೀನಿ" ಎಂದು ಹೇಳಿ ಮುಖವನ್ನು ಪೂರ್ತಿ ಗೋಡೆಯ ಕಡೆ ತಿರುಗಿಸುತ್ತಿದ್ದಳು. "ಆಯ್ತಕ್ಕ" ಎನ್ನುವವರೆಗೆ ಈಚೆ ತಿರುಗುವ ಮಾತೇ ಇಲ್ಲ. ಆ ಕ್ಯಾಲೆಂಡರಿನ ವರ್ಷ ಯಾವಾಗಲೋ ಮುಗಿದಿತ್ತು. ಅದರಲ್ಲಿದ್ದ ದೋಣಿಯ ಚಿತ್ರದಲ್ಲಿ ಎಷ್ಟು ಹಗ್ಗಗಳಿವೆ, ಎಷ್ಟು ಹಕ್ಕಿಗಳಿವೆ ಎಂದು ಅಕ್ಕನನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದಳು. ಬೇರೆಯವರು ಅರ್ಧ ನಿಮಿಷದಲ್ಲಿ ಮುಗಿಸಿದರೆ ಅತ್ತೆ ಮಾತ್ರ ಎರಡು ನಿಮಿಷ ಕ್ಯಾಲೆಂಡರ್ ನೋಡಿಸುತ್ತಿದ್ದಳು. ಕರೆಂಟ್ ಬಿಲ್ ಕಟ್ಟುವುದು ಒಂದೇ ಕೆಲಸ, ಅದಕ್ಕೇ ವಾರಕ್ಕೆ ನಾಲ್ಕು ದಿನ ಬರುತ್ತಿದ್ದಳು. ಮೂರು ದಿನ ಬಿಲ್ಲು ಬಂದಿದೆಯೋ ಇಲ್ಲವೋ ನೋಡಲು, ಬಂದಿದ್ದರೆ ನಾಲ್ಕನೇ ದಿನ ಕಟ್ಟಲು.

ಮುಖ್ಯ ಕಚೇರಿಯ ಯಂತ್ರಕ್ಕೆ ಬೆಂಚು ಕಾಣುವುದಿಲ್ಲ, ಪೆನ್ಸಿಲ್ಲೂ ಕಾಣುವುದಿಲ್ಲ. ಅದಕ್ಕೆ ಕಂಡದ್ದು ಇಷ್ಟೇ: ಗ್ರಾಹಕರ ಸರಾಸರಿ ವಯಸ್ಸು ಎಪ್ಪತ್ತೊಂದಾಗಿರುವ ಒಂದು ಪುಟ್ಟ ಶಾಖೆಯಲ್ಲಿ ನೂರಕ್ಕೆ ತೊಂಬತ್ತೆಂಟು ಕೆಲಸ ಆ್ಯಪ್‌ನಲ್ಲೇ ಆಗುತ್ತಿದೆ. ಹರೆಯದವರೇ ತುಂಬಿರುವ ಶಾಖೆಗಳು ಅರವತ್ತು ಮುಟ್ಟಲು ಏದುಸಿರು ಬಿಡುತ್ತಿದ್ದವು. ಹಾಗಾಗಿ ಒಂದು ಸೋಮವಾರ ಲಕೋಟೆ ಬಂತು.

ಅದನ್ನು ಒಡೆದವನು ಮ್ಯಾನೇಜರ್. ಮೂವತ್ತರ ಹುಡುಗ, ಕೋಟು ಅವನಿಗಿಂತ ದೊಡ್ಡದು. ಬೆಂಚಿನವರು ಅವನಿಗೆ ಮರಿಸಾಹೇಬ ಎಂದು ಹೆಸರಿಟ್ಟಿದ್ದರು. ಅಕ್ಕನನ್ನು ತನ್ನ ಕೋಣೆಗೆ ಕರೆದು ಓದಿದ. ವರ್ಷದ ಅತ್ಯುತ್ತಮ ಡಿಜಿಟಲ್ ಶಾಖೆ. ಶುಕ್ರವಾರ ಮಧ್ಯಾಹ್ನ ಸಮಾರಂಭ, ಇಬ್ಬರೂ ಬರಬೇಕು. ಬ್ಯಾಂಕಿನ ಕಾವಲುಗಾರ, ಎಲ್ಲರೂ ಬಾಗಿಲಣ್ಣ ಎನ್ನುವವನು, ಟೀ ಲೋಟ ಹಿಡಿದು ಅಲ್ಲೇ ನಿಂತಿದ್ದ. ಅವನೂ ಹಲ್ಲು ಕಿಸಿದ.

ಎರಡನೇ ಹಾಳೆ ಓದುವಾಗ ಮರಿಸಾಹೇಬನ ದನಿ ಸಣ್ಣಗಾಯಿತು. ಈ ಶಾಖೆಯ ಗ್ರಾಹಕರಿಗೆ ಕೌಂಟರಿನ ಅಗತ್ಯ ಇಲ್ಲವೆಂದು ಸಾಬೀತಾಗಿರುವುದರಿಂದ, ಬರುವ ತಿಂಗಳ ಒಂದರಿಂದ ಅದನ್ನು ಮುಚ್ಚಲಾಗುವುದು. ಕೌಂಟರ್ ಸಿಬ್ಬಂದಿಯನ್ನು ಮುಖ್ಯ ಕಚೇರಿಯ ತರಬೇತಿ ಕೇಂದ್ರಕ್ಕೆ ವರ್ಗಾಯಿಸಲಾಗಿದೆ. ರೈಲಿನಲ್ಲಿ ನಾಲ್ಕು ಗಂಟೆಯ ದಾರಿ.

"ನಾಲ್ಕು ವರ್ಷ ಕಳೆದ್ರೆ ನಿವೃತ್ತಿ ಅಲ್ವಾ ಅಕ್ಕ" ಎಂದ ಮರಿಸಾಹೇಬ, ಸಮಾಧಾನ ಹೇಳುವ ರೀತಿ ಗೊತ್ತಿಲ್ಲದೆ.

ಅಕ್ಕನ ಗಂಡ ತೀರಿಹೋಗಿ ಏಳು ವರ್ಷವಾಗಿತ್ತು. ಬ್ಯಾಂಕಿನ ಹಿಂದಿನ ಬೀದಿಯ ಮಹಡಿ ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ. ಬೆಳಿಗ್ಗೆ ಎದ್ದರೆ ಸಕ್ಕರೆ ಹೆಚ್ಚಾಯಿತು ಕಡಿಮೆಯಾಯಿತು ಎಂದು ಜಗಳ, ಮಧ್ಯಾಹ್ನ ಒಂದಕ್ಕೆ ಎದುರುಬದುರು ಕೂತು ಊಟ, ರಾತ್ರಿ ಒಂದೇ ಟಿ.ವಿ. ಮುಂದೆ ಎರಡು ಗೊರಕೆ. ಅತ್ತೆಯನ್ನು ಬಿಟ್ಟು ಹೋಗುವ ಹಾಗಿಲ್ಲ, ಎಂಬತ್ತೆರಡರ ಮರವನ್ನು ಕಿತ್ತು ಬೇರೆ ಊರಲ್ಲಿ ನೆಡುವ ಹಾಗೂ ಇಲ್ಲ. ಅಕ್ಕ ಹಳೇ ಕಡತಗಳ ಕೋಣೆಗೆ ಹೋಗಿ, ಧೂಳಿನ ನೆಪದಲ್ಲಿ ಚೆನ್ನಾಗಿ ಅತ್ತು, ಮೂಗೊರೆಸಿಕೊಂಡು ಕೌಂಟರಿಗೆ ಬಂದಳು. ಅತ್ತೆಗೆ ಬಹುಮಾನದ ಸುದ್ದಿಯಷ್ಟೇ ಹೇಳಿದಳು. ಎರಡನೇ ಹಾಳೆಯ ಬಗ್ಗೆ ಬಾಯಿಗೆ ಬೀಗ ಹಾಕಿಕೊಂಡಳು.

ಬುಧವಾರ ಮರಿಸಾಹೇಬ ಬೆಂಚಿನ ಮುಂದೆ ನಿಂತು ಭಾಷಣ ಮಾಡಿದ. ಶುಕ್ರವಾರ ಮೂರರಿಂದ ನಾಲ್ಕರವರೆಗೆ ಸಭಾಂಗಣದ ದೊಡ್ಡ ಪರದೆಯಲ್ಲಿ ಗೆದ್ದ ಶಾಖೆಯ ಕೆಲಸ ಆಗಿಂದಾಗಲೇ ಕಾಣುತ್ತದೆ. ಎಲ್ಲರೂ ಮನೆಯಲ್ಲೇ ಕೂತು ಆ ಹೊತ್ತಿನಲ್ಲಿ ಒಂದೊಂದು ಬಿಲ್ಲು ಕಟ್ಟಿ ಶಾಖೆಯ ಮಾನ ಉಳಿಸಬೇಕು.

"ನಾವಿಲ್ಲಿ ಒತ್ತಿದ್ದು ಅಲ್ಲಿ ಕಾಣುತ್ತಾ?" ಅತ್ತೆ ಕೇಳಿದಳು.

"ಒಂದೊಂದೂ ಕಾಣುತ್ತೆ ಅಜ್ಜಿ."

"ಒತ್ತದೇ ಇದ್ರೆ?"

ಮರಿಸಾಹೇಬ ನಕ್ಕ. "ಸೊನ್ನೆ ಕಾಣುತ್ತೆ."

"ಓಹೋ" ಎಂದಳು ಅತ್ತೆ, ಉಣ್ಣೆಯ ಚೀಲದ ದಾರ ಬಿಗಿಮಾಡುತ್ತಾ.

ಅಕ್ಕನಿಗೆ ಬೇರೆಯದೇ ಚಿಂತೆ. ತಾನಿಲ್ಲದೆ ಇವರು ಒತ್ತುವುದು ಹೇಗೆ? ತನ್ನ ಕೋಳಿ ಕೂಗಿದರೇ ಊರಿಗೆ ಬೆಳಗಾಗುವುದು ಎಂದುಕೊಂಡಿದ್ದ ಮುದುಕಿಯ ಕತೆ ಅಕ್ಕನಿಗೂ ಗೊತ್ತಿತ್ತು. ಆದರೆ ಕತೆ ಗೊತ್ತಿದ್ದ ಮಾತ್ರಕ್ಕೆ ಕಂಕುಳಲ್ಲಿರುವ ಕೋಳಿ ಯಾರಿಗೆ ಕಾಣುತ್ತದೆ? ಗುರುವಾರವೆಲ್ಲ ಕೂತು ಮೂವತ್ತೊಂದು ರಟ್ಟಿನ ತುಂಡುಗಳ ಮೇಲೆ ದಪ್ಪಗೆ ಬರೆದಳು: ಮೊದಲು ಹಸಿರು ಚೌಕ, ಆಮೇಲೆ ಬಾಣ, ಆಮೇಲೆ ಗುಟ್ಟಿನ ನಂಬರ್. ಎಲ್ಲರೂ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಒಳ್ಳೆಯ ಮಕ್ಕಳ ಹಾಗೆ ತಲೆಯಾಡಿಸಿದರು. ಅಷ್ಟು ವಿಧೇಯತೆ ಕಂಡಾಗಲೇ ಅಕ್ಕನಿಗೆ ಅನುಮಾನ ಬರಬೇಕಿತ್ತು.

ಶುಕ್ರವಾರ ಸಭಾಂಗಣದಲ್ಲಿ ಎಲ್ಲವೂ ಹೊಳೆಯುತ್ತಿತ್ತು: ನೆಲ, ಬೂಟು, ಭಾಷಣ ಮಾಡುವವರ ತಲೆ. ಒಬ್ಬರಾದ ಮೇಲೊಬ್ಬರು ಬಂದು ನಾಳೆಯ ಬ್ಯಾಂಕಿಗೆ ಗೋಡೆಯೇ ಇರುವುದಿಲ್ಲ ಎಂದರು. ಗೋಡೆಯಿಲ್ಲದ ಮೇಲೆ ಕ್ಯಾಲೆಂಡರ್ ಎಲ್ಲಿ ತೂಗುಹಾಕುತ್ತಾರೋ ಎಂದು ಅಕ್ಕ ಯೋಚಿಸುತ್ತ ಕೂತಳು. ಮೂರು ಗಂಟೆಗೆ ಅವಳ ಶಾಖೆಯ ಹೆಸರು ಕರೆದರು. ಅಕ್ಕ ಮತ್ತು ಮರಿಸಾಹೇಬ ವೇದಿಕೆ ಹತ್ತಿದರು. ಬ್ಯಾಂಕಿನ ಅಧ್ಯಕ್ಷರು, ಬೆಳ್ಳಗಾದ ಹುಬ್ಬಿನ ಹಿರಿಯರು, ಗಾಜಿನ ಫಲಕ ಕೊಟ್ಟರು. ಹಿಂದೆ ಪರದೆ ಬೆಳಗಿತು. ಅದರ ಮೇಲೆ ಮನೆಯಷ್ಟು ದೊಡ್ಡ ಅಂಕಿ: ಸೊನ್ನೆ.

ಜನ ಕಾದರು. ಮೂರೂ ಹತ್ತಾಯಿತು, ಸೊನ್ನೆ. ಮೂರೂ ಕಾಲಾಯಿತು, ಸೊನ್ನೆಗೆ ಬೇಸರವೇ ಇಲ್ಲ. ಮರಿಸಾಹೇಬ ಕೋಟಿನೊಳಗೆ ಇನ್ನಷ್ಟು ಇಳಿದುಹೋದ. ನೆಟ್‌ವರ್ಕ್ ಇರಬೇಕು ಎಂದು ಯಾರೋ ವೈರು ಅಲ್ಲಾಡಿಸಿದರು. ಉಳಿದ ಶಾಖೆಗಳ ಅಂಕಿಗಳೆಲ್ಲ ಕೆಳಗೆ ಚಿಕ್ಕ ಅಕ್ಷರದಲ್ಲಿ ಚಕಚಕ ಓಡುತ್ತಿದ್ದವು.

"ಏನಮ್ಮಾ ಇದು?" ಎಂದರು ಅಧ್ಯಕ್ಷರು.

ಬೆಂಚಿನವರು ರಟ್ಟಿನ ತುಂಡು ಹಿಡಿದು ಎಲ್ಲೋ ತಪ್ಪು ಚೌಕ ಒತ್ತಿ ಒತ್ತಿ ಸೋತಿದ್ದಾರೆ ಎಂದು ನೆನೆದರೆ ಅಕ್ಕನಿಗೆ ಭಯಕ್ಕಿಂತ ಸಂಕಟ ಹೆಚ್ಚಾಯಿತು.

"ನೆಟ್‌ವರ್ಕ್ ಅಲ್ಲ ಸಾರ್. ನಾನು ಇಲ್ಲಿ ಬಂದು ನಿಂತಿದೀನಿ, ಅದಕ್ಕೆ."

ಮೈಕು ಅವಳ ಬಾಯಿಯ ಹತ್ತಿರವೇ ಇತ್ತು. ಸಭಾಂಗಣ ಗೊಳ್ಳೆಂದಿತು. ಅಧ್ಯಕ್ಷರು ನಗಲಿಲ್ಲ. "ಸರಿಯಾಗಿ ಹೇಳಿ" ಎಂದರು.

ಅಕ್ಕ ಹೇಳಿದಳು. ಟ್ರೇ, ಬೆಂಚು, ಮೊನೆಯಿಲ್ಲದ ಪೆನ್ಸಿಲ್, ಕ್ಯಾಲೆಂಡರ್, ಒಂದನ್ನೂ ಬಿಡಲಿಲ್ಲ. "ಆ ತೊಂಬತ್ತೆಂಟು ನಿಮ್ಮ ಯಂತ್ರದ್ದಲ್ಲ ಸಾರ್. ನಾನು ಹೇಳ್ತೀನಿ, ಅವರು ಒತ್ತುತ್ತಾರೆ. ಕೌಂಟರ್ ತೆಗೆದ್ರೆ ಪರದೆ ಮೇಲೆ ದಿನಾ ಇದೇ ಕಾಣೋದು. ಈ ಗಾಜು ನೀವೇ ಇಟ್ಕೊಳ್ಳಿ, ನನ್ನ ಕಿಂಡಿ ನನಗೆ ಬಿಡಿ."

ಮರಿಸಾಹೇಬ ಕಣ್ಣು ಮುಚ್ಚಿಕೊಂಡ. ಅಧ್ಯಕ್ಷರು ಸೊನ್ನೆಯನ್ನು ಬಹಳ ಹೊತ್ತು ನೋಡಿದರು. ಅವರೂ ನಲವತ್ತು ವರ್ಷದ ಹಿಂದೆ ಇಂಥದೇ ಒಂದು ಕಿಂಡಿಯ ಹಿಂದೆ ಕೂತವರು. ಕೊನೆಗೆ ಮೈಕು ತಮ್ಮ ಕಡೆ ಎಳೆದುಕೊಂಡರು.

"ಫಲಕ ವಾಪಸ್ ತಗೊಳ್ಳೋಕೆ ಆಗಲ್ಲ, ಫೋಟೊ ತೆಗೆದಾಯ್ತು. ಕಾಗದದ ಎರಡನೇ ಹಾಳೆ ಮಾತ್ರ ನಾನು ವಾಪಸ್ ತಗೋತೀನಿ. ಕೌಂಟರ್ ಇರಲಿ, ನೀವೂ ಇರಿ."

ಆಗ ನಾಲ್ಕಕ್ಕೆ ಎರಡು ನಿಮಿಷ. ಅಕ್ಕ ಬಾಗಿಲಣ್ಣನಿಗೆ ಫೋನು ಮಾಡಿ, "ನನ್ನ ಕೌಂಟರ್ ಉಳೀತು ಕಣಪ್ಪ" ಎಂದಳು. ಯಾಕೆ, ಏನು ಎಂದು ಕೇಳದೆ ಅವನು "ಗೊತ್ತಿತ್ತು ಬಿಡಕ್ಕ" ಎಂದು ಇಟ್ಟುಬಿಟ್ಟ. ಖುಷಿಯಲ್ಲಿ ಅಕ್ಕನಿಗೆ ಆ ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ.

ರೈಲಿನಲ್ಲಿ ನಾಲ್ಕು ಗಂಟೆಯೂ ಅವಳ ತುಟಿಯ ಮೇಲೆ ನಗು ಇತ್ತು. ನಾನಿಲ್ಲದಿದ್ದರೆ ಒಂದೂ ಆಗಲಿಲ್ಲ, ಒಂದೇ ಒಂದೂ ಆಗಲಿಲ್ಲ ಎಂದು ಮರಿಸಾಹೇಬನಿಗೆ ಆರು ಸಲ ಹೇಳಿದಳು. ಕೋಳಿ ರೆಕ್ಕೆ ಬಡಿಯುತ್ತಿತ್ತು. ಮನೆಯಲ್ಲಿ ಅತ್ತೆ ಬಾಗಿಲು ತೆಗೆದು, ಗಾಜಿನ ಫಲಕವನ್ನು ಹಿಂದೆ ಮುಂದೆ ನೋಡಿ, "ಧೂಳು ಹಿಡಿಯೋಕೆ ಇನ್ನೊಂದು" ಎಂದಳು. ಆಮೇಲೆ ಎರಡನೇ ಸಲ ಬಡಿಸುವಾಗ, ಯಾವ ಕಾರಣವೂ ಇಲ್ಲದೆ, ಸೊಸೆಯ ತಲೆ ಸವರಿದಳು.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಟ್ರೇ ತುಂಬಿತು, ಬೆಂಚು ತುಂಬಿತು. ಕೆಲಸ ಶುರುಮಾಡುವ ಮೊದಲು ಹಿಂದಿನ ದಿನದ ವರದಿ ನೋಡುವುದು ಅಕ್ಕನ ರೂಢಿ. ನಿನ್ನೆಯದರಲ್ಲಿ ಸೊನ್ನೆ ಇರುತ್ತದೆ, ಅದನ್ನು ಇನ್ನೊಮ್ಮೆ ನೋಡಿ ಸಂತೋಷಪಡೋಣ ಎಂದು ತೆರೆದಳು.

ಮೂರರಿಂದ ನಾಲ್ಕರವರೆಗೆ ಸೊನ್ನೆ, ನಿಜ. ನಾಲ್ಕೂ ಐದರಿಂದ ನಾಲ್ಕೂ ಇಪ್ಪತ್ತರವರೆಗೆ ಮೂವತ್ತೊಂದು. ನೀರಿನ ಬಿಲ್ಲು, ಔಷಧಿ ಅಂಗಡಿ, ಮೊಮ್ಮಗಳ ಶಾಲೆಯ ಶುಲ್ಕ. ಒಂದರಲ್ಲೂ ತಪ್ಪಿಲ್ಲ. ಆಗ ಅಕ್ಕ ರೈಲು ನಿಲ್ದಾಣದ ದಾರಿಯಲ್ಲಿದ್ದಳು. ಪಟ್ಟಿಯ ಎಲ್ಲಕ್ಕಿಂತ ಮೇಲೆ ತನ್ನ ಮನೆಯ ಕರೆಂಟ್ ಬಿಲ್ಲು, ಅತ್ತೆಯ ಹೆಸರಿನಲ್ಲಿ. ಆ್ಯಪ್ ತೆರೆದು ಮುಚ್ಚಲು ಹಿಡಿದ ಸಮಯ: ಹನ್ನೊಂದು ಸೆಕೆಂಡು.

ಎರಡು ವರ್ಷದಿಂದ ಬಿಲ್ಲಿಗೆ ಎರಡೆರಡು ನಿಮಿಷ ದೋಣಿಯ ಹಗ್ಗ ಎಣಿಸಿದ್ದವಳು ಆ ಹನ್ನೊಂದನ್ನು ಮತ್ತೆ ಓದಿದಳು. ಎರಡನೇ ಹಾಳೆ ಓದುವಾಗಲೂ ಅಲ್ಲೇ ನಿಂತಿದ್ದ ಬಾಗಿಲಣ್ಣನ ಟೀ ಲೋಟ ನೆನಪಾಯಿತು. "ಒತ್ತದೇ ಇದ್ರೆ?" ಎಂದ ದನಿ ನೆನಪಾಯಿತು. ಅವಳ ಮುಖಕ್ಕೆ ಮೊದಲು ನಾಚಿಕೆ ಬಂತು, ಆಮೇಲೆ ಸಿಟ್ಟು, ಆಮೇಲೆ ಎರಡನ್ನೂ ತಳ್ಳಿಕೊಂಡು ಕಣ್ಣಿಗೆ ನೀರು ಬಂತು. ಇವರಿಗೆ ಎಲ್ಲವೂ ಬರುತ್ತಿತ್ತು. ತಾನು ಬೇಕು ಎಂದೇ ದಿನಾ ಬರುತ್ತಿದ್ದರು.

ಅಕ್ಕ ತಲೆಯೆತ್ತಿ ಬೆಂಚಿನ ಕಡೆ ನೋಡಿದಳು. ಮೂವತ್ತೊಂದು ಜನರೂ, ಟೈಲರ್, ಡ್ರಾಯಿಂಗ್ ಮೇಷ್ಟ್ರು, ಅತ್ತೆ, ಎಲ್ಲರೂ ಮುಖವನ್ನು ಪೂರ್ತಿ ಗೋಡೆಯ ಕಡೆ ತಿರುಗಿಸಿ ಕ್ಯಾಲೆಂಡರ್ ನೋಡುತ್ತಿದ್ದರು. ಅವಳು ಕಣ್ಣೊರೆಸಿಕೊಂಡು ಮುಗಿಸುವವರೆಗೆ ಒಬ್ಬರೂ ಈಚೆ ತಿರುಗಲಿಲ್ಲ.

"ಆಯ್ತು" ಎಂದಳು ಅಕ್ಕ.

ಎಲ್ಲರೂ ತಿರುಗಿದರು. ಅಕ್ಕ ಪೆನ್ಸಿಲ್ ಕೈಗೆತ್ತಿಕೊಂಡು ಟ್ರೇಯ ಮೊದಲ ಫೋನನ್ನು ತೋರಿಸಿದಳು. "ಹಸಿರು ಚೀಲ ಯಾರದು, ಬನ್ನಿ. ಏನಾಗಬೇಕು?"

ಅತ್ತೆ ಮಂಡಿ ಹಿಡಿದುಕೊಂಡು ಎದ್ದು ಬಂದು, ಚೀಲದಿಂದ ಫೋನು ತೆಗೆದು, ಅದನ್ನು ತಲೆಕೆಳಗಾಗಿ ಹಿಡಿದುಕೊಂಡಳು.

"ಬಿಲ್ಲು ಬಂದಿದೆಯಾ ನೋಡಬೇಕಿತ್ತು ಕಣಮ್ಮ. ನಂಗೆಲ್ಲಿ ಬರುತ್ತೆ ಇವೆಲ್ಲಾ."

"ಹೌದು ಅತ್ತೆ, ನಿಮಗೆಲ್ಲಿ ಬರುತ್ತೆ" ಎಂದು ಅಕ್ಕ ಕಿಂಡಿಯಿಂದ ಪೆನ್ಸಿಲ್ ಚಾಚಿದಳು. "ಮೊದಲು ಹಸಿರು ಚೌಕ ಒತ್ತಿ."