ಇದು ಟೂರೂ ಅಲ್ಲ, ನೌಕರಿ ವೀಸಾನೂ ಅಲ್ಲ

ತೆಲಂಗಾಣದ ಗಡಿಯ ನಾರಾಯಣಖೇಡದ ಮಹಾನಂದಾ ಒಬ್ಬಳೇ. ಕಾಗದದ ಮೇಲೆ ಮಾತ್ರ ಮೂವರು. ಹತ್ತನೇ ತರಗತಿಯ ಅಂಕಪಟ್ಟಿ ಅಂದರೆ ಮೆಮೊದಲ್ಲಿ ಅವಳ ಹೆಸರಿಗೆ ಒಂದು ಇಂಗ್ಲಿಷ್ ಅಕ್ಷರ ಹೆಚ್ಚು. ಆಧಾರಿನಲ್ಲಿ ಗಂಡನ ಮನೆತನದ ಹೆಸರು ಮುಂದೆ. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಹಿಂದೆ. ನಮ್ಮ ಗಡಿ ಸೀಮೆಯಲ್ಲಿ ಇದೇನು ಹೊಸದಲ್ಲ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಬಜಾರಿನಲ್ಲಿ ಉರ್ದು, ಕಚೇರಿಯಲ್ಲಿ ಇಂಗ್ಲಿಷ್. ಹೆಸರು ಒಂದೊಂದು ಬಾಗಿಲು ದಾಟುವಾಗ ಒಂದೊಂದು ವೇಷ ಹಾಕುತ್ತದೆ. ದೂರದ ಊರಿಗೆ ಹೊರಡುವ ತನಕ ಯಾರೂ ಅದನ್ನು ಕೇಳುವುದಿಲ್ಲ.

ಅವಳ ಗಂಡ ಸೂರ್ಯಕಾಂತ ಮನೆಗಳಿಗೆ ತಾಂಡೂರಿನ ಕಲ್ಲು ಹಾಸಿ ಪಾಲಿಶ್ ಹೊಡೆಯುವವನು. ಮಹಾನಂದಾ ಕಂಪ್ಯೂಟರಿನಲ್ಲಿ ಟೈಲ್ಸ್ ಮೇಲಿನ ಚಿತ್ತಾರ ಬರೆಯುವವಳು. ಆರು ವರ್ಷದಿಂದ ಡೆನ್ಮಾರ್ಕಿನ ಒಂದು ಕಂಪನಿಗೆ ಮನೆಯಲ್ಲೇ ಕೂತು ಬರೆದು ಕಳಿಸುತ್ತಿದ್ದಳು.

ಒಂದು ದಿನ ಊಟಕ್ಕೆ ಕೂತಾಗ ಅವಳು ಕೇಳಿದಳು. “ಒಂದ್ ವರ್ಷ ಹೊರದೇಶದಾಗ ಇದ್ದು ಬರೋಣೇನ್ರಿ?”

“ಅಲ್ಲಿ ನೌಕರಿ ಸಿಕ್ಕದೇನು?”

“ಇಲ್ರಿ. ಕೆಲ್ಸ ಈಗಿಂದೇ.”

“ಮತ್ತ ತಿರಗಾಡಾಕೇನು?”

“ಅದೂ ಅಲ್ರಿ. ಇರೋದು ಆ ದೇಶದಾಗ, ಕೆಲ್ಸ ಡೆನ್ಮಾರ್ಕಿಂದು. ಹಿಂಗ ದೂರದಿಂದ ಕೆಲ್ಸ ಮಾಡೋರಿಗೆ ಅವರು ಬ್ಯಾರೇ ಪರವಾನಗಿ ಕೊಡ್ತಾರ. ಡಿಜಿಟಲ್ ನೊಮ್ಯಾಡ್ ಅಂತಾರ ಅದಕ್ಕ.”

ಸೂರ್ಯಕಾಂತ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. ಮನೆ ನಾರಾಯಣಖೇಡದಲ್ಲಿ, ಕೆಲಸ ಕೊಡುವ ಯಜಮಾನ ಡೆನ್ಮಾರ್ಕಿನಲ್ಲಿ, ಇರುವುದು ಮೂರನೆಯ ಕಡೆ. ಎಲ್ಲಿಂದ ಹಿಡಿದು ಎಲ್ಲಿಗೆ ಗಂಟು ಹಾಕುವುದು ಅವನಿಗೆ ತಿಳಿಯಲಿಲ್ಲ.

“ಅಲ್ಲಿ ಮುನ್ನೂರು ವರ್ಷದ ಹಳೇ ಟೈಲ್ಸ್ ಅವ,” ಎಂದಳು ಮಹಾನಂದಾ. “ನಾ ಇಷ್ಟು ದಿನ ಫೋಟೋ ನೋಡಿ ಬರ್ದೀನಿ. ಒಂದ್ಸಲ ಅದರ ಮ್ಯಾಲ ಕಾಲಿಟ್ಟು ನೋಡ್ಬೇಕ್ರಿ.”

ಆ ಮಾತು ಅವನಿಗೆ ಅರ್ಥವಾಯಿತು. ಕಲ್ಲು ಹಾಸಿದ ಫರಸಿಯ ಮೇಲೆ ಬರಿಗಾಲಲ್ಲಿ ನಡೆದು ಅದರ ಗುಣ ಹೇಳುವವನು ಅವನು. ಆದರೆ ಅರ್ಜಿಯ ನಮೂನೆ ನೋಡಿದಾಗ ಮತ್ತೆ ತಲೆ ಕೆಟ್ಟಿತು. ಮಹಾನಂದಾ ಅರ್ಜಿದಾರಳು. ಅವನ ಹೆಸರಿನ ಮುಂದೆ ‘ಅವಲಂಬಿತ’ ಎಂಬರ್ಥದ ಶಬ್ದ.

“ನಾ ನಿನ್ನ ಮ್ಯಾಲ ಅವಲಂಬಿತ?” ಎಂದು ಕೇಳಿದ. ಅವಳು ನಮೂನೆಯನ್ನು ಮಡಚಿ ಒಳಗಿಟ್ಟಳು.

ಮರುವಾರ ಕಲ್ಲು ತರಲು ತಾಂಡೂರಿಗೆ ಹೋದಾಗ ಪರಿಚಯದವರೊಬ್ಬರು ಅವನನ್ನು ವೀಸಾ ಏಜೆಂಟ್ ವೀರಭದ್ರನ ಬಳಿ ಕರೆದೊಯ್ದರು. ವೀರಭದ್ರನ ಮಾತಿನಲ್ಲಿ ಗೊಂದಲವೇ ಇರಲಿಲ್ಲ.

“ಆ ಪರವಾನಗಿಗೆಲ್ಲ ಯಾಕ ಹೋಗ್ತೀರಿ? ಟೂರಿಸ್ಟ್ ವೀಸಾದ ಮ್ಯಾಲ ಹೋಗಿಬಿಡ್ರಿ, ಮುಂದಿಂದು ನಾ ಬದಲಿ ಮಾಡಸ್ತೀನಿ. ಹೆಂಡ್ತಿ ಹಿಂದ ಹೋಗೋದೂ ಬ್ಯಾಡ. ನೀವೂ ಕಂಪನಿ ಮ್ಯಾನೇಜರ್ ಅಂತ ಲೆಟರ್ ಮಾಡಿಕೊಡ್ತೀನಿ. ಎರಡೂ ಪಾಸ್‌ಪೋರ್ಟ್ ಬಿಟ್ಟು ಹೋಗ್ರಿ.”

ಇಷ್ಟು ದಿನದಲ್ಲಿ ಮೊದಲ ಸಲ ಎಲ್ಲ ತಿಳಿಯಿತು ಅನಿಸಿತು ಸೂರ್ಯಕಾಂತನಿಗೆ. ಮರುದಿನವೇ ಎರಡೂ ಪಾಸ್‌ಪೋರ್ಟ್ ಒಯ್ದು ಕೊಟ್ಟು ಬಂದ.

ಸುದ್ದಿ ಕೇಳಿದ ಮಹಾನಂದಾ ಜಗಳ ಮಾಡಲಿಲ್ಲ. ಅವನನ್ನು ಕರೆದುಕೊಂಡು ಸೀದಾ ಕೌಶಲ್ಯಾಳ ಬಳಿ ಹೋದಳು. ಕೌಶಲ್ಯಾ ಅದೇ ಓಣಿಯಲ್ಲಿ ಸರ್ಕಾರಿ ಅರ್ಜಿಗಳನ್ನು ತುಂಬಿಕೊಡುವ ಮೀ ಸೇವಾ ಕೇಂದ್ರ ನಡೆಸುವವಳು. ಓದದೆ ಯಾವ ಅರ್ಜಿಯನ್ನೂ ತುಂಬದ ಹೆಂಗಸು. ಆ ದೇಶದ ರಾಯಭಾರ ಕಚೇರಿಯ ವೆಬ್‌ಸೈಟ್ ತೆಗೆದು, ನಿಧಾನವಾಗಿ ಓದಿದಳು.

“ಸೂರ್ಯಕಾಂತಣ್ಣ, ಟೂರಿಸ್ಟ್ ವೀಸಾ ತಿರಗಾಡಾಕ. ನೌಕರಿ ವೀಸಾ ಆ ದೇಶದ ಕಂಪನಿಯಾಗ ದುಡಿಯಾಕ. ಇದು ಎರಡೂ ಅಲ್ಲ. ನಿಮ್ಮ ಕೆಲ್ಸ ಬ್ಯಾರೇ ಕಡೆದು, ನಿಮ್ಮ ಗಳಿಕಿ ನಿಮ್ದು, ಇಲ್ಲಿ ಬಂದು ಇರ್ರಿ ಅಂತ ಕೊಡೋದು. ನಾ ಇಲ್ಲಿ ತಿರಗಾಡಾಕ ಬಂದೀನಿ ಅಂತ ಸುಳ್ಳು ಬರ್ದು ವರ್ಷಗಟ್ಟಲೆ ಇರಾಕ ಬರಂಗಿಲ್ಲ.”

“ಬದಲಿ ಮಾಡಸ್ತೀನಿ ಅಂದಾನಲ್ಲ ಅಂವ?”

“ಆ ದೇಶದ ನಿಯಮದಾಗ ಹಂಗಿಲ್ಲ, ನೀವೇ ಓದ್ರಿ. ಊರು ಬಿಡೋಕಿಂತ ಮೊದ್ಲೇ ಅರ್ಜಿ ಹಾಕ್ಬೇಕು ಅಂತ ಬರ್ದಾರ. ಖೊಟ್ಟಿ ಲೆಟರ್ ಸಿಕ್ಕಿಬಿದ್ರ ನಿಮ್ಮ ಅರ್ಜಿ ಅಷ್ಟೇ ಹೋಗಂಗಿಲ್ಲ. ಮಹಾನಂದಾಳ ಖರೇ ಕಾಗದಾನೂ ಯಾರೂ ನಂಬಂಗಿಲ್ಲ. ಆರು ವರ್ಷದ ಕೆಲ್ಸಾನೂ ಹೋಗಬಹುದು.”

ಸೂರ್ಯಕಾಂತ ನೆಲ ನೋಡುತ್ತ, “ಮತ್ತ ಆ ಅವಲಂಬಿತ ಅನ್ನೋದು?” ಎಂದ.

“ನಿಮ್ಮ ರೇಶನ್ ಕಾರ್ಡಿನಾಗ ಯಜಮಾನಿ ಯಾರು?”

“ಆಕಿನೇ.”

“ಅದಕ್ಕ ಅನ್ನ ಬಿಟ್ಟೀರೇನು?”

ಮಹಾನಂದಾ ಸೆರಗಿನ ಮರೆಯಲ್ಲಿ ನಕ್ಕಳು. ಸ್ವಲ್ಪ ಹೊತ್ತಿಗೆ ಅವನೂ ನಕ್ಕ.

ಮರುದಿನ ಬೆಳಿಗ್ಗೆ ಗಂಡ ಹೆಂಡತಿ ತಾಂಡೂರಿಗೆ ಹೋದರು. “ಪಾಸ್‌ಪೋರ್ಟ್ ಹೈದರಾಬಾದಿಗೆ ಹೋಗ್ಯಾವ, ಮುಂದಿನ ವಾರ ಬರ್ರಿ,” ಎಂದ ವೀರಭದ್ರ. ಸೂರ್ಯಕಾಂತ ಏಳಲು ಹೊರಟ. ಮಹಾನಂದಾ ಕುರ್ಚಿ ಬಿಡಲಿಲ್ಲ.

“ನಾವು ಇಲ್ಲೇ ಕೂಡ್ತೀವ್ರಿ. ಮಧ್ಯಾಹ್ನದ ತನಕ ಸಿಗ್ಲಿಲ್ಲಂದ್ರ ಠಾಣೆಗೆ ಹೋಗಿ ಬರ್ದುಕೊಡ್ತೀವಿ. ಪಾಸ್‌ಪೋರ್ಟ್ ನಿಮ್ದೂ ಅಲ್ಲ, ನಮ್ದೂ ಅಲ್ಲ, ಸರ್ಕಾರದ್ದು.”

ಹೈದರಾಬಾದಿಗೆ ಹೋಗಿದ್ದ ಪಾಸ್‌ಪೋರ್ಟುಗಳು ಮೇಜಿನ ಖಾನೆಯಿಂದಲೇ ಹೊರಬಂದವು. ಜೊತೆಗೆ ಒಂದು ಹಾಳೆಯೂ ಬಂತು. ಅದರಲ್ಲಿ ಸೂರ್ಯಕಾಂತ ಎಂದೂ ಕೇಳದ ಕಂಪನಿಯ ಮ್ಯಾನೇಜರ್ ಆಗಿದ್ದ. ಕೆಳಗೆ ದುಂಡನೆಯ ಮುದ್ರೆ. ಇದನ್ನು ಹಿಡಿದು ಅಧಿಕಾರಿಯ ಮುಂದೆ ತಾನು ನಿಂತಿದ್ದರೆ ಏನಾಗುತ್ತಿತ್ತು ಎಂಬುದು ಅವನಿಗೆ ಹೊಳೆಯಿತು. ಅಲ್ಲೇ ಹರಿದು ಹಾಕಿದ.

ಆಮೇಲೆ ಶುರುವಾದದ್ದು ನೆಟ್ಟಗಿನ ದಾರಿ. ಅದು ಸುಲಭದ ದಾರಿಯಾಗಿರಲಿಲ್ಲ. ಅವಳ ಗಂಡ ತಾನೇ ಎನ್ನಲು ಸೂರ್ಯಕಾಂತನ ಬಳಿ ಪುರಾವೆಯೇ ಇರಲಿಲ್ಲ. ಹನ್ನೆರಡು ವರ್ಷದ ಹಿಂದೆ ಹತ್ತಿರದ ಕಂಗ್ಟಿ ಊರಿನಲ್ಲಿ ಜಂಗಮರ ಮುಂದೆ ಮದುವೆಯಾದವರು, ನೋಂದಣಿ ಮಾಡಿಸಿರಲಿಲ್ಲ. ಸಾಕ್ಷಿ ಹಾಕಲು ಕರೆದಾಗ ಅವನ ಕಾಕಾ ಮನ್ಮಥಪ್ಪ ತಬ್ಬಿಬ್ಬಾದರು.

“ಮತ್ತೊಮ್ಮೆ ಲಗ್ನ ಆಗ್ಲಿಕತ್ತೀರೇನೋ?”

“ಇಲ್ಲ ಕಾಕಾ. ಆದದ್ದನ್ನ ಬರ್ಸಾಕತ್ತೀವಿ.”

ಕಾಕಾ ತಲೆ ಕೆರೆದುಕೊಂಡೇ ಉಪನೋಂದಣಿ ಕಚೇರಿಗೆ ಬಂದು ಸಹಿ ಹಾಕಿದರು. ಮಹಾನಂದಾಳ ಆಧಾರಿನ ಹೆಸರು ಪಾಸ್‌ಪೋರ್ಟಿಗೆ ಹೊಂದುವಂತೆ ತಿದ್ದುಪಡಿಯಾಯಿತು. ಮೆಮೊದವಳೂ ಇವಳೂ ಒಬ್ಬಳೇ ಎಂದು ಪ್ರಮಾಣಪತ್ರ ಆಯಿತು. ಪಾಸ್‌ಪೋರ್ಟ್ ಇಲಾಖೆಯ ಮೂಲಕ ಪೊಲೀಸ್ ದೃಢೀಕರಣ ಬಂತು. ಕಂಪನಿಯ ಕರಾರು, ಗಳಿಕೆಯ ಪುರಾವೆ ಎಲ್ಲ ಕೂಡಿದವು. ಐದು ತಿಂಗಳು ಹಿಡಿಯಿತು. ನಡುನಡುವೆ ಸೂರ್ಯಕಾಂತನಿಗೆ ಯಾವ ಕಾಗದ ಯಾವುದಕ್ಕೆ ಎಂಬುದೇ ಮರೆತು ಹೋಗುತ್ತಿತ್ತು. ಪ್ರತಿ ಸಲ ಹೋಗಿ ಕೌಶಲ್ಯಾಳನ್ನು ಕೇಳುತ್ತಿದ್ದ. ಅವಳು ಬೇಸರವಿಲ್ಲದೆ ಹೇಳುತ್ತಿದ್ದಳು.

ಅರ್ಜಿ ಹಾಕಿದ ಆರನೇ ವಾರ ಒಂದು ಪತ್ರ ಬಂತು. ಅದನ್ನು ನೋಡಿ ಸೂರ್ಯಕಾಂತ, “ಆತು, ಬ್ಯಾಡ ಅಂದ್ರು” ಎಂದು ಕಟ್ಟೆಯ ಮೇಲೆ ಕೂತುಬಿಟ್ಟ.

ಕೌಶಲ್ಯಾ ಓದಿದಳು. “ಬ್ಯಾಡ ಅಂದಿಲ್ಲಣ್ಣ. ಆರೋಗ್ಯ ವಿಮೆದು ಪೂರಾ ವರ್ಷದ ಕಾಗದ ಕೇಳ್ಯಾರ. ಹದಿನೈದು ದಿನ ಟೈಮ್ ಅದ.”

ಎಂಟನೇ ದಿನವೇ ಕಳಿಸಿದರು. ತಿಂಗಳ ಮೇಲೆ ಇಬ್ಬರಿಗೂ ಒಪ್ಪಿಗೆ ಬಂತು. ಅಲ್ಲಿ ಇಳಿದ ಮೇಲೆ ನಿವಾಸದ ಕಾರ್ಡಿಗಾಗಿ ಇನ್ನೊಂದು ಕಚೇರಿಗೆ ಹೋಗಬೇಕೆಂದು ಅದರಲ್ಲೇ ಬರೆದಿತ್ತು. ಈ ಸಲ ಆ ಸಾಲನ್ನು ಸೂರ್ಯಕಾಂತನೇ ಬೆರಳಿಟ್ಟು ಓದಿ ಹೆಂಡತಿಗೆ ತೋರಿಸಿದ.

ಅಕ್ಕಂದಿರೇ, ಅಣ್ಣಂದಿರೇ, ಆ ದೇಶ ಯಾವುದೆಂದು ನಾವು ಹೇಳಿಲ್ಲ, ಬೇಕೆಂದೇ ಹೇಳಿಲ್ಲ. ದೇಶಕ್ಕೊಂದು ನಿಯಮ, ಅದೂ ವರ್ಷ ವರ್ಷ ಬದಲಾಗುತ್ತದೆ. ನೀವು ಹೋಗುವ ದೇಶದ ರಾಯಭಾರ ಕಚೇರಿಯ ವೆಬ್‌ಸೈಟನ್ನೇ ನೋಡಿ, ನೋಡಲು ಬಾರದಿದ್ದರೆ ನೀವು ನಂಬುವವರಿಂದ ಓದಿಸಿ. ಇವತ್ತೇ ಮನೆಯ ಕಾಗದಗಳನ್ನು ತೆಗೆದು ಎಲ್ಲದರಲ್ಲೂ ಹೆಸರು ಒಂದೇ ಇದೆಯೇ ನೋಡಿ. ಮದುವೆ ನೋಂದಣಿಯಾಗಿರದಿದ್ದರೆ ಮಾಡಿಸಿ. ಸುಳ್ಳು ಬರೆಯುವವರ ಕೈಗೆ ಪಾಸ್‌ಪೋರ್ಟ್ ಕೊಡಬೇಡಿ. ತಿಳಿಯಲಿಲ್ಲ ಎನ್ನುವುದು ನಾಚಿಕೆಯ ಮಾತಲ್ಲ. ಹತ್ತು ಸಲ ಕೇಳಿ, ಆಮೇಲೆ ಒಂದು ಸಲ ಸಹಿ ಹಾಕಿ.